ಯಾರ ಮಗ ಎಂದು ಕೇಳುವ ಟೆಸ್ಟ್ ಅಲ್ಲ

ಮೊದಲು ಕಂಡದ್ದು ಕಾಲು.

ನನ್ನ ಮಗ ಕೊಟ್ರೇಶನಿಗೆ ಆಗ ಐದು ತುಂಬಿತ್ತು. ಮೈ ಸಣಕಲು. ಮೊಣಕಾಲಿನ ಕೆಳಗೆ ಮೀನಖಂಡ ಮಾತ್ರ ದುಂಡಗೆ, ಗಟ್ಟಿಯಾಗಿ ಉಬ್ಬಿತ್ತು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಆ ಕಾಲನ್ನು ಹೊಗಳದವರಿಲ್ಲ. ನನ್ನ ಗಂಡನ ತಂದೆ, ಅಂದರೆ ನಮ್ಮ ಮಾವ, ಪ್ರಾಯದಲ್ಲಿ ಕುಸ್ತಿ ಆಡಿದವರು. ಊರಿಗೆ ಇವತ್ತಿಗೂ ಪೈಲ್ವಾನ್ ಸಿದ್ದಪ್ಪ. ಮೊಮ್ಮಗನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದರು.

"ನೋಡ್ರಿ, ಕಾಲು ನೋಡ್ರಿ. ನಮ್ಮ ಮನಿ ಕಾಲಿದು. ಮಗಗ ಬರಲಿಲ್ಲ, ಮೊಮ್ಮಗಗ ಬಂದೈತಿ."

ನಾನೂ ಹಿಗ್ಗಿದ್ದೇನೆ. ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಿದ್ದೇನೆ. ಎಲ್ಲರೂ ಸೇರಿ ಹೊಗಳಿದ್ದು ರೋಗವನ್ನು ಎಂದು ಈಗ ಗೊತ್ತು. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಮೇಲೆ ಕೊಟ್ರ ಬೀಳತೊಡಗಿದ. ಅಂಗಳದಲ್ಲಿ ಬಿದ್ದ. ಶಾಲೆಯ ಮೆಟ್ಟಿಲಲ್ಲಿ ಬಿದ್ದ. ಓಡುವುದೆಂದರೆ ಅವನಿಗೆ ಬೇಗ ನಡೆಯುವುದು, ಅಷ್ಟೇ. ಅದೂ ಬಾತುಕೋಳಿಯ ಹಾಗೆ ಅತ್ತ ಇತ್ತ ವಾಲಾಡುತ್ತ. ನೆಲದಿಂದ ಏಳುವಾಗ ಮೊದಲು ಎರಡೂ ಕೈ ನೆಲಕ್ಕೆ ಊರಿ, ಆಮೇಲೆ ಮೊಣಕಾಲಿನ ಮೇಲೆ, ಆಮೇಲೆ ತೊಡೆಯ ಮೇಲೆ ಕೈಯಿಟ್ಟು, ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುತ್ತಿದ್ದ. ಊರಿನ ಡಾಕ್ಟರಿಗೆ ತೋರಿಸಿದೆವು. ಕ್ಯಾಲ್ಸಿಯಂ ಕಮ್ಮಿ ಅಂದರು, ಟಾನಿಕ್ ಬರೆದರು. ಬಾಟಲಿ ಮೇಲೆ ಬಾಟಲಿ ಖಾಲಿಯಾಯಿತು.

ಮಾವನಿಗೆ ಟಾನಿಕ್ ಮೇಲೆ ನಂಬಿಕೆ ಇರಲಿಲ್ಲ. ಅವರ ನಂಬಿಕೆಯೆಲ್ಲ ಗರಡಿ ಮನೆ. ಇಷ್ಟು ದಪ್ಪ ಕಾಲಿರುವ ಹುಡುಗ ಬೀಳುತ್ತಾನೆಂದರೆ ಅದು ಸೋಮಾರಿತನ, ತಾಯಿಯ ಮುದ್ದು. ಬೆಳಿಗ್ಗೆ ಎಬ್ಬಿಸಿ ಕರೆದುಕೊಂಡು ಹೋಗುವರು. ಬಸ್ಕಿ ಹೊಡೆಸುವರು. ಕೂರು, ಏಳು, ಕೂರು, ಏಳು. ಕೊಟ್ರ ಅಳುತ್ತ ಬರುತ್ತಿದ್ದ. "ಅಮ್ಮಾ, ಕಾಲು ನೋಯತಾವ." ನಾನು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ತಾತನ ಪ್ರೀತಿ, ಏನು ಹೇಳುವುದು? ನನ್ನ ಗಂಡ ವೀರೇಶ್ ಬಸ್ ಸ್ಟ್ಯಾಂಡ್ ಪಕ್ಕ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಪಂಪ್‌ಸೆಟ್ ಬಿಚ್ಚಿದರೆ ಎಲ್ಲಿ ಕೆಟ್ಟಿದೆ ಎಂದು ವಾಸನೆಯಲ್ಲೇ ಹೇಳುತ್ತಾರೆ. ತಂದೆಯ ಎದುರು ಮಾತ್ರ ಬಾಯಿ ಬಿಚ್ಚುವುದಿಲ್ಲ.

ಒಂದು ಬೆಳಿಗ್ಗೆ ಕೊಟ್ರ ಗರಡಿಯಿಂದ ಬಂದವನೇ ಉಚ್ಚೆ ಹೊಯ್ದ. ಅದು ಚಹಾದ ಬಣ್ಣದಲ್ಲಿತ್ತು.

ನಾನು ಯಾರನ್ನೂ ಕೇಳಲಿಲ್ಲ. ಮಗನನ್ನು ಎತ್ತಿಕೊಂಡು ದಾವಣಗೆರೆಗೆ ಹೊರಟೆ. ವೀರೇಶ್ ಅಂಗಡಿಯ ಶಟರ್ ಎಳೆದು ಹಿಂದೆಯೇ ಬಂದರು.

ದಾವಣಗೆರೆಯ ಮಕ್ಕಳ ಡಾಕ್ಟರ್ ಒಬ್ಬ ಹೆಣ್ಣುಮಗಳು. ಕೊಟ್ರನನ್ನು ನೆಲದ ಮೇಲೆ ಕೂರಿಸಿ "ಏಳಪ್ಪ ರಾಜ" ಅಂದರು. ಅವನು ಎಂದಿನಂತೆ ತನ್ನನ್ನು ತಾನು ಹತ್ತಿಕೊಂಡು ಎದ್ದ. ಅವರು ಮೀನಖಂಡವನ್ನು ಮುಟ್ಟಿ ನೋಡಿದರು. ಮುಖ ಸಪ್ಪಗಾಯಿತು. ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರು. ಅದು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

"ಸ್ನಾಯುಗಳು ಒಡೀತಾ ಇದಾವೆ" ಅಂದರು. "ಇದು ಶಕ್ತಿಯಿಂದ ದಪ್ಪ ಆದ ಕಾಲಲ್ಲ. ಸ್ನಾಯು ಇರಬೇಕಾದ ಜಾಗದಲ್ಲಿ ಕೊಬ್ಬು ತುಂಬಿದೆ. ಬಸ್ಕಿ ಇವತ್ತೇ ನಿಲ್ಲಿಸಿ. ಒಂದು ಡಿಎನ್‌ಎ ಟೆಸ್ಟ್ ಮಾಡಿಸಬೇಕು, ಬೆಂಗಳೂರಲ್ಲಿ. ಯಾವ ರೋಗ ಅಂತ ಅದರಿಂದಲೇ ಖಚಿತ ಆಗೋದು. ತಡ ಮಾಡಬೇಡಿ."

ತಡ ಮಾಡಬೇಡಿ ಅಂದರು. ನಾವು ತಡ ಮಾಡಿದೆವು. ಯಾಕೆ ಎಂದು ಬರೆಯಲು ನಾಚಿಕೆಯಾಗಬೇಕು. ನನಗೆ ಬರುವುದು ಸಿಟ್ಟು.

ವೀರೇಶ್ ಆಸ್ಪತ್ರೆಯ ಬಾಗಿಲಲ್ಲೇ ನಿಂತು ಮನೆಗೆ ಫೋನ್ ಮಾಡಿ, ಡಾಕ್ಟರ್ ಡಿಎನ್‌ಎ ಟೆಸ್ಟ್ ಬರೆದಾರೆ ಅಂದರು. ಅಷ್ಟೇ ಹೇಳಿದ್ದು. ನಾವು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮಾವ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆ ಒಳಬಾಗಿಲಲ್ಲಿ ನಿಂತಿದ್ದರು.

"ನಮ್ಮ ಮನಿ ಹುಡುಗಗ ಡಿಎನ್‌ಎ ಟೆಸ್ಟಾ? ಯಾವನು ಹೇಳ್ಯಾನ? ಏನ್ ಅನುಮಾನ ಬಂತು ಅಂವಗ?"

"ಅದು ರೋಗದ ಟೆಸ್ಟ್ ರೀ ಮಾವಾರ" ಅಂದೆ.

"ಟಿವಿಯಾಗ ನಾನೂ ನೋಡೀನಿ. ಯಾರ ಮಗ ಅಂತ ಗೊತ್ತಾಗದಿದ್ರ ಮಾಡಸ್ತಾರ ಅದನ್ನ. ಕೋರ್ಟಿನಾಗ ಮಾಡಸ್ತಾರ. ನಮ್ಮ ಮನಿತನ ಏನಂತ ತಿಳಿದೀಯವ್ವ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮಾತು ಮನೆಯ ಹೊಸ್ತಿಲು ದಾಟಲು ಎಷ್ಟು ಹೊತ್ತು ಬೇಕು? ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ಬಿಂದಿ. ಅದೇ ವಾರ ನಮ್ಮ ಹಿಂದಿನ ಓಣಿಯ ಹೆಂಗಸೊಬ್ಬಳು ಬಂದು, ಕೂದಲಿನ ಪಿನ್ನು ಆರಿಸುತ್ತ ಆರಿಸುತ್ತ, ದನಿ ತಗ್ಗಿಸಿ ಕೇಳಿದಳು.

"ಮಂಜುಳಾ, ಡಿಎನ್‌ಎ ಮಾಡಸಾಕ ಹೇಳ್ಯಾರಂತಲ್ಲ? ವೀರೇಶಣ್ಣ ಏನಂದ?"

ಪಿನ್ನಿನ ಪ್ಯಾಕೆಟ್ ಅವಳ ಕೈಯಿಂದ ಕಿತ್ತುಕೊಂಡೆ. "ನಿಂಗ ಇಲ್ಲಿ ಏನೂ ಮಾರಂಗಿಲ್ಲ. ನಡಿ" ಅಂದೆ. ಅವಳು ಹೊರಗೆ ಹೋಗಿ "ಅಯ್ಯ, ಕೇಳಿದ್ದಕ್ಕ ಇಷ್ಟು ಉರೀತಾಳ ಅಂದ್ರ ಏನೋ ಐತಿ" ಅಂದದ್ದು ಕೇಳಿಸಿತು. ಸಿಟ್ಟು ಮಾಡಿದರೆ ಕಳ್ಳಿ, ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ನಾನು ಸಿಟ್ಟನ್ನೇ ಆರಿಸಿಕೊಂಡೆ.

ದಿನಗಳು ಹೋದವು. ಉಗಾದಿ ಹೋಯಿತು. ಕೊಟ್ರ ಮೆಟ್ಟಿಲು ಹತ್ತುವುದನ್ನು ಬಿಟ್ಟ. ನಾನು ದಿನಾ ಕೇಳುತ್ತಿದ್ದೆ, ಯಾವಾಗ ಹೋಗೋಣ ಎಂದು. ವೀರೇಶ್, ಅಪ್ಪ ತಣ್ಣಗಾಗಲಿ ಅನ್ನುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿದರು.

"ಆ ಟೆಸ್ಟಿನಾಗ... ಅದೂ ಗೊತ್ತಾಗತೈತೇನು?"

ನನಗೆ ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ಸಾರಿನ ಸೌಟು ನೆಲಕ್ಕೆ ಎಸೆದೆ.

"ಯಾವುದು? ಬಾಯಿಬಿಟ್ಟು ಹೇಳ್ರಿ. ಯಾವುದು ಗೊತ್ತಾಗಬೇಕು ನಿಮಗ?"

"ಏ, ಹಂಗಲ್ಲ. ಸುಮ್ನ ಕೇಳಿದೆ."

ಸುಮ್ಮನೆ ಕೇಳಿದರಂತೆ. ಇವರ ಜ್ವರಕ್ಕೆ ಕೂತು, ಇವರ ಅಪ್ಪನ ಸೊಂಟಕ್ಕೆ ಎಣ್ಣೆ ಹಚ್ಚಿ, ಇವರ ಮಗನನ್ನು ಹೆತ್ತ ನನ್ನನ್ನು ಸುಮ್ಮನೆ ಕೇಳಿದರು. ಆವತ್ತು ನನ್ನೊಳಗೆ ಏನೋ ಮುರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುರಿಯಲಿಲ್ಲ. ಇನ್ನಷ್ಟು ಗಟ್ಟಿಯಾಯಿತು. ಮರುದಿನ ಕೊಟ್ರನ ಬಟ್ಟೆ ಚೀಲಕ್ಕೆ ತುಂಬಿ ಪಡಸಾಲೆಗೆ ಬಂದು ಮಾವನಿಗೆ ಹೇಳಿದೆ.

"ಟೆಸ್ಟ್ ಮಾಡಸ್ತೀನಿ. ಊರು ಏನಾರ ಅನ್ಕೊಳ್ಳಲಿ, ನೀವೂ ಅನ್ಕೋರಿ. ನನ್ನ ಮಾನ ನಾನು ನೋಡ್ಕೊಂತೀನಿ. ನನಗ ಹುಡುಗ ಬೇಕು."

ಅವರು ಬಾಯಿ ತೆರೆಯುವ ಮೊದಲೇ ಕೊಟ್ರನನ್ನು ಎತ್ತಿಕೊಂಡು ಹೊರಬಿದ್ದೆ. ರೈಲ್ವೆ ಸ್ಟೇಷನ್‌ನಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ವೀರೇಶ್ ಬಂದರು. ಕೈಯಲ್ಲಿ ಕೊಟ್ರನ ನೀರಿನ ಬಾಟಲಿ. ನಾನು ಮರೆತು ಬಂದದ್ದು. "ನಾನೂ ಬರ್ತೀನಿ" ಅಂದರು. ನಾನು ಬಾಟಲಿ ಇಸಿದುಕೊಂಡು ಚೀಲಕ್ಕೆ ಹಾಕಿದೆ. ಬಂದರಲ್ಲ, ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇನೆ.

ಬೆಂಗಳೂರಿನಲ್ಲಿ ದಾವಣಗೆರೆಯ ಡಾಕ್ಟರ್ ಬರೆದುಕೊಟ್ಟ ಆಸ್ಪತ್ರೆಯಲ್ಲಿ ಇಂಥ ಟೆಸ್ಟುಗಳಿಗೆಂದೇ ಒಂದು ಒಪಿಡಿ ಇದೆ. ಹೊರಗೆ ಬೆಂಚುಗಳ ತುಂಬ ಜನ. ನನ್ನ ಪಕ್ಕ ಕೂತಿದ್ದಾಕೆಗೆ ಮೂರು ಸಲ ಗರ್ಭ ನಿಂತು ಇಳಿದಿತ್ತು. ಗಂಡ ಹೆಂಡತಿ ಇಬ್ಬರೂ ರಕ್ತ ಕೊಡಲು ಬಂದಿದ್ದರು. ಎದುರಿಗೆ ಕಾಲೇಜು ಓದುವ ಹುಡುಗಿ. ಅವಳ ತಾಯಿಗೂ ದೊಡ್ಡಮ್ಮನಿಗೂ ಎದೆಯ ಕ್ಯಾನ್ಸರ್. ತನಗೂ ಬರುವುದಿದೆಯೇ ಎಂದು ಈಗಲೇ ತಿಳಿದುಕೊಳ್ಳಲು ಬಂದಿದ್ದಳು. ಒಬ್ಬ ಮುಸ್ಲಿಂ ತಂದೆ, ತುಮಕೂರಿನ ಕಡೆಯ ಗ್ಯಾರೇಜ್ ಮೆಕ್ಯಾನಿಕ್, ತಿಂಗಳಿಗೊಮ್ಮೆ ರಕ್ತ ಏರಿಸಬೇಕಾದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅಣ್ಣನ ಅಸ್ಥಿಮಜ್ಜೆ ತಂಗಿಗೆ ಹೊಂದುತ್ತದೆಯೇ ಎಂದು ನೋಡುವ ಟೆಸ್ಟಿಗಾಗಿ ಅವರು ಬಂದದ್ದು. ಯಾರ ಮಗ ಎಂದು ಕೇಳಲು ಅಲ್ಲಿಗೆ ಒಬ್ಬರೂ ಬಂದಿರಲಿಲ್ಲ. ಪೈಲ್ವಾನ್ ಸಿದ್ದಪ್ಪನವರನ್ನು ಎಳೆದುಕೊಂಡು ಬಂದು ಆ ಬೆಂಚಿನ ಮೇಲೆ ಕೂರಿಸಬೇಕು ಅನ್ನಿಸಿತು.

ಕೊಟ್ರನ ರಕ್ತ ತೆಗೆದರು, ಜೊತೆಗೆ ನನ್ನದನ್ನೂ. ಒಂದು ಸಣ್ಣ ಕೊಳವೆಯಷ್ಟು. ಇಷ್ಟಕ್ಕೆ ನಾವು ಅಷ್ಟು ದಿನ ಕಳೆದಿದ್ದೆವು. ರಿಪೋರ್ಟ್ ಬಂದಾಗ ಮತ್ತೆ ಕರೆದರು. ಡಾಕ್ಟರ್ ನಿಧಾನವಾಗಿ ಹೇಳಿದರು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುವನ್ನು ಗಟ್ಟಿ ಹಿಡಿಯುವ ಪ್ರೋಟೀನ್ ಹೇಗೆ ಮಾಡಬೇಕೆಂದು ಹೇಳುವ ಜೀನ್‌ನಲ್ಲಿ ಒಂದು ತುಂಡು ಇಲ್ಲ. ಗುಣವಾಗುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಫಿಸಿಯೋಥೆರಪಿ ಮಾಡಿಸಿದರೆ, ನಡಿಗೆ ನಿಲ್ಲುವ ಕಾಲವನ್ನು ಒಂದಷ್ಟು ಮುಂದಕ್ಕೆ ತಳ್ಳಬಹುದು.

"ಎಷ್ಟು ಕಾಲ?" ವೀರೇಶ್ ಕೇಳಿದರು.

"ಹೇಳೋಕಾಗಲ್ಲ. ಬಹಳ ಮಕ್ಕಳು ಹತ್ತು ಹನ್ನೆರಡರ ಹೊತ್ತಿಗೆ ವೀಲ್‌ಚೇರಿಗೆ ಬರ್ತಾರೆ."

ವೀರೇಶ್ ಕಾರಿಡಾರಿನ ಗೋಡೆಗೆ ಮುಖ ಕೊಟ್ಟು ಅತ್ತರು. ನನಗೆ ಅಳು ಬರಲಿಲ್ಲ. ಡಾಕ್ಟರ್ ನನ್ನನ್ನು ಮತ್ತೆ ಒಳಗೆ ಕರೆದು ಕೂರಿಸಿದರು. ಹೆಣ್ಣಿಗೆ ಈ ಜೀನ್ ಎರಡು ಪ್ರತಿ ಇರುತ್ತದೆ, ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ, ಆಕೆಗೆ ತಿಳಿಯುವುದೇ ಇಲ್ಲ. ಗಂಡುಮಗುವಿಗೆ ಒಂದೇ ಪ್ರತಿ, ಅದು ತಾಯಿಯಿಂದ ಬರುವುದು. ನನ್ನ ರಕ್ತವನ್ನೂ ನೋಡಿದ್ದರು. ನನ್ನಲ್ಲಿ ಆ ಕೆಟ್ಟ ಪ್ರತಿ ಇತ್ತು.

"ನಿಮ್ಮ ತಾಯಿಯ ಕಡೆ ಗಂಡುಮಕ್ಕಳಲ್ಲಿ ಯಾರಾದರೂ ಹೀಗೆ ನಡೆಯೋದು ನಿಲ್ಲಿಸಿದ್ದರಾ?"

"ಇಲ್ಲ ಮೇಡಂ. ಒಬ್ಬ ಸೋದರಮಾವ ಇದ್ದ, ಗುರುಶಾಂತ ಅಂತ. ನಾನು ಹುಟ್ಟೋದಕ್ಕಿಂತ ಮೊದಲೇ ತೀರಿಕೊಂಡ. ಅವನಿಗೆ ಪೋಲಿಯೋ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಪೋಲಿಯೋ ಅಂತ ನಿಮಗೆ ಹೇಳಿದ್ದು ಯಾರು?"

ಅವ್ವ ಹೇಳಿದ್ದಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಮಾವ ಮೊದಲು ಆಡಿದ ಮಾತು ಇದು: "ಅಂದ್ರ ನಮ್ಮ ರಕ್ತದಾಗಿಲ್ಲ." ಮೊಮ್ಮಗನ ಕಾಲು ಹೋಗುತ್ತದೆ ಎಂದು ಕೇಳಿಸಿಕೊಂಡ ಮನುಷ್ಯ, ಮೊದಲು ತನ್ನ ರಕ್ತದ ಕ್ಷೇಮ ವಿಚಾರಿಸಿದರು. ಆವತ್ತು ನಾನು ಬಿಡಲಿಲ್ಲ.

"ಹೌದ್ರಿ, ನನ್ನ ಕಡೆಯಿಂದ ಬಂದೈತಿ. ನನಗ ಗೊತ್ತಿರಲಿಲ್ಲ. ಆದ್ರ ಬಸ್ಕಿ? ಅವು ಯಾರ ಕಡೆಯಿಂದ ಬಂದ್ವು? ಒಡೆಯೋ ಸ್ನಾಯುವನ್ನ ನೀವು ದಿನಾ ಕೂರಿಸಿ ಎಬ್ಬಿಸಿ ಒಡೆದ್ರಿ. ಅವನು ಅಳತಿದ್ದ, ನೀವು ಎಣಿಸ್ತಿದ್ರಿ."

ಅತ್ತೆ "ಸಾಕು ಮಾಡವ್ವ" ಅಂದರು. ಮಾವ ಎದ್ದು ಹಿತ್ತಲಿಗೆ ಹೋದರು. ಅವರ ಹಿಂದೆ ಹೋಗಿ ಸಮಾಧಾನ ಹೇಳುವ ಸೊಸೆ ನಾನಾಗಿರಲಿಲ್ಲ.

ಮರುದಿನವೇ ಕೊಟ್ಟೂರಿಗೆ ಹೋದೆ, ತವರಿಗೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಕೇಳಿದೆ.

"ಗುರುಶಾಂತ ಮಾವಗ ಏನಾಗಿತ್ತು?"

"ಪೋಲಿಯೋ ಅಂತ ಹೇಳೀನಲ್ಲ."

"ಅವನ ಮೀನಖಂಡ ಹೆಂಗಿದ್ವು?"

ಮೊರ ನಿಂತಿತು.

"ದಪ್ಪ ಇದ್ವು" ಅಂದಳು. "ಸಣ್ಣವನಿದ್ದಾಗ ಓಡ್ಯಾಡತಿದ್ದ. ಆಮೇಲೆ ಬಿದ್ದ. ಆಮೇಲೆ ಹಾಸಿಗಿ. ಹದಿನೇಳರಾಗ ಉಸಿರು ಸಿಗಲಿಲ್ಲ ಅವಗ. ನನ್ನ ತೊಡಿ ಮ್ಯಾಲೆ ಹೋಗ್ಯಾನ."

"ನಂಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಯಾರು ಮಾಡ್ಕೊಂತಿದ್ರಲೇ ನಿನ್ನ? ಮನಿತನದಾಗ ರೋಗ ಐತಿ ಅಂದ್ರ ನೀವಿಬ್ಬರೂ ಮನ್ಯಾಗ ಕೂರಬೇಕಿತ್ತು. ನಮ್ಮವ್ವ ಪೋಲಿಯೋ ಅನ್ನು ಅಂದ್ಲು, ಅಂದೆ."

ಹತ್ತಿ ಬೀಜ ತರುವಾಗ ಯಾವ ತಳಿ ಎಂದು ನಾಲ್ಕು ಅಂಗಡಿ ತಿರುಗುತ್ತೇವೆ. ಹೆಣ್ಣು ಕೊಡುವಾಗ, ತರುವಾಗ ಕುಲ ಬೆಡಗು ಯಾವುದು, ಗುರುಮನೆ ಯಾವುದು, ಅಜ್ಜನ ಅಜ್ಜ ಯಾವ ಊರಿಂದ ಬಂದ ಎಂದು ಕೆದಕುತ್ತೇವೆ. ತೊಡೆಯ ಮೇಲೆ ಸತ್ತ ತಮ್ಮನ ರೋಗವನ್ನು ಮಾತ್ರ ಸುಳ್ಳು ಹೆಸರಿಟ್ಟು ಹೂಳುತ್ತೇವೆ. ನಾನು ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು. ಅವ್ವನಿಗೆ ಆಗಲೂ ಅದೇ ಚಿಂತೆ: "ಮೆತ್ತಗ ಮಾತಾಡಲೇ, ಶೈಲಾನ ಮನಿತನಕ ಹೋಗತೈತಿ."

ಶೈಲಾ ನನ್ನ ತಂಗಿ. ಹರಪನಹಳ್ಳಿಗೆ ಕೊಟ್ಟಿದೆ. ಆಗ ಅವಳಿಗೆ ಮೂರು ತಿಂಗಳು, ಚೊಚ್ಚಲು.

ಡಾಕ್ಟರ್ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಿಮ್ಮ ತಂಗಿಯಲ್ಲೂ ಇದು ಇರುವ ಸಾಧ್ಯತೆ ಅರ್ಧಕ್ಕರ್ಧ, ಬೇಗ ಟೆಸ್ಟ್ ಮಾಡಿಸಿ, ಅವರಲ್ಲಿ ಇದ್ದರೆ ಮಗುವನ್ನೂ ನೋಡಬಹುದು, ದಿನ ಮೀರಿದರೆ ಏನೂ ಮಾಡಲಾಗುವುದಿಲ್ಲ ಎಂದು. ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ಕೈ ಮುಗಿದಳು.

"ಅಕಿಗೆ ಹೇಳಬ್ಯಾಡ. ಅಕಿ ಅತ್ತಿ ಮನಿ ಬಿಟ್ಟು ಹೊರಗ ಹಾಕ್ತಾಳ. ಒಂದು ಮನಿ ಕೆಟ್ಟಿದ್ದು ಸಾಕು."

ಕೈ ಮುಗಿದ ತಾಯಿಯ ಎದುರು ಮಗಳು ಕರಗಬೇಕಂತೆ. ನಾನು ಕರಗಲಿಲ್ಲ. ಅಲ್ಲಿಂದಲೇ ಹರಪನಹಳ್ಳಿಯ ಬಸ್ಸು ಹತ್ತಿದೆ.

ಶೈಲಾ ಬಾಗಿಲು ತೆರೆದವಳೇ ನನ್ನ ಮುಖ ನೋಡಿ "ಅವ್ವ ಫೋನ್ ಮಾಡಿದ್ಲು" ಅಂದಳು. "ಏನೂ ಹೇಳಬ್ಯಾಡಕ್ಕ. ನಾನೇನೂ ಕೇಳೋದಿಲ್ಲ."

ಒಳಗಿಂದ ಅವಳ ಅತ್ತೆ ಬಂದರು. ಬಾರವ್ವ, ಕೂತ್ಕೊ, ಚಾ ಕುಡಿ. ನಾನು ಚಾ ಬೇಡವೆಂದೆ. ನನ್ನ ಮಗನ ರೋಗದ ಹೆಸರು ಹೇಳಿದೆ. ಅದು ಹೇಗೆ ಬರುತ್ತದೆಂದು ಹೇಳಿದೆ. ಇವಳ ರಕ್ತವನ್ನು ಟೆಸ್ಟ್ ಮಾಡಿಸಲೇಬೇಕು ಎಂದೆ. ಶೈಲಾಳ ಗಂಡ ಶರ್ಟಿನ ಗುಂಡಿ ಹಾಕುತ್ತಿದ್ದವನು ಹಾಗೇ ನಿಂತ.

ಶೈಲಾ ಬೆಂಕಿಯಾದಳು. "ನಿನ್ನ ಸಂಸಾರ ಹಿಂಗಾತಂತ ನಂದೂ ಹಾಳ್ ಮಾಡಾಕ ಬಂದೀಯಾ? ನಂಗೇನೂ ಇಲ್ಲ. ನಮ್ಮ ಮನಿತನದಾಗ ಯಾರಿಗೂ ಇಲ್ಲ. ಗುರುಶಾಂತ ಮಾವಗ ಪೋಲಿಯೋ. ಅವ್ವನ ಹೇಳ್ಯಾಳ, ಅವ್ವಗಿಂತ ನಿಂಗ ಗೊತ್ತೇನು?"

ನಾನು ಫೋನ್ ತೆಗೆದು ಅವ್ವನಿಗೆ ಹಚ್ಚಿ, ಸ್ಪೀಕರ್ ಒತ್ತಿ, ಮೇಜಿನ ಮೇಲೆ ಇಟ್ಟೆ.

"ಅವ್ವ, ಶೈಲಾ ಅದಾಳ, ಅಕಿ ಅತ್ತಿ ಅದಾರ, ಅಳಿಯ ಅದಾನ. ಎಲ್ಲಾರೂ ಕೇಳಾಕತ್ಯಾರ. ಗುರುಶಾಂತ ಮಾವ ಹೆಂಗ ಹೋದ ಹೇಳು. ಪೋಲಿಯೋ ಅಂದ್ರ ನಾನು ಎದ್ದು ಹೋಗ್ತೀನಿ. ಮತ್ತ ಯಾವತ್ತೂ ಕೇಳಂಗಿಲ್ಲ."

ಫೋನಿನಲ್ಲಿ ಅವ್ವ ಅಳುವುದು ಕೇಳಿಸಿತು.

"ಪೋಲಿಯೋ ಅಲ್ಲ" ಅಂದಳು. "ಬೀಗರ, ತಪ್ಪು ತಿಳೀಬ್ಯಾಡ್ರಿ. ನನ್ನ ತಮ್ಮಗೂ ಇದ ಆಗಿತ್ತು. ಶೈಲಾ, ಅಕ್ಕ ಹೇಳಿದಂಗ ಮಾಡು."

ಶೈಲಾ ಫೋನ್ ಕಟ್ ಮಾಡಿ ಅಲ್ಲೇ ಕೂತಳು. ನಾನು ಅವಳ ಅತ್ತೆಯ ಮುಖ ನೋಡಿದೆ. ಬೈಯುತ್ತಾರೆ, ಬೈದರೆ ತಿರುಗಿ ಬೈಯಬೇಕೆಂದು ಸಿದ್ಧಳಾಗಿದ್ದೆ. ಆ ಹೆಂಗಸು ಸೊಸೆಯ ಪಕ್ಕ ಹೋಗಿ ಕೂತರು. ಮುಖ ಗಂಟಿಕ್ಕಿತ್ತು. "ಮದುವೆಗೆ ಮುಂಚೆ ಹೇಳ್ಬೇಕಿತ್ತು ನೀವು. ಮೋಸ ಮಾಡಿದ್ರಿ" ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, "ನೀನೇನ್ ನಿಂತ್ಕಂಡು ನೋಡ್ತೀಯ? ಕರ್ಕೊಂಡು ಹೋಗು. ಇವತ್ತೇ ಹೊರಡ್ರಿ" ಅಂದರು.

ಹೋದರು. ನನ್ನ ರಿಪೋರ್ಟ್ ಇದ್ದುದರಿಂದ ಎಲ್ಲಿ ಹುಡುಕಬೇಕೆಂದು ಆಸ್ಪತ್ರೆಯವರಿಗೆ ಗೊತ್ತಿತ್ತು. ಕಾಯುವ ಆ ದಿನಗಳಲ್ಲಿ ಶೈಲಾ ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಕೊಟ್ರನಿಗೆ ಮಾತ್ರೆ ಶುರುವಾಗಿತ್ತು. ಮುಖ ಊದಿಕೊಂಡಿತು, ಹಸಿವು ಹೆಚ್ಚಾಯಿತು, ಮಾತುಮಾತಿಗೆ ಹಟ. ಬೆಳಿಗ್ಗೆ ಸಂಜೆ ಅವನ ಪಾದಗಳನ್ನು ಹಿಂದಕ್ಕೆ ಬಾಗಿಸಿ ಹಿಡಿಯಬೇಕು. ಅದನ್ನು ವೀರೇಶ್ ಕಲಿತುಕೊಂಡರು. ಮಾವ ಬಾಗಿಲ ಹತ್ತಿರ ನಿಂತು ನೋಡುತ್ತಾರೆ, ಒಳಗೆ ಬರುವುದಿಲ್ಲ. ನಾನು ಕರೆದಿಲ್ಲ. ಮುಂದೆ ಕರೆಯಬಹುದು. ಇನ್ನೂ ಆಗಿಲ್ಲ ನನ್ನಿಂದ. ಊರಲ್ಲಿ ಈಗ ಯಾರಾದರೂ ಕೇಳಿದರೆ ಪೂರ್ತಿ ಹೆಸರು ಹೇಳುತ್ತೇನೆ, ಡಿಎನ್‌ಎ ಟೆಸ್ಟಿನಲ್ಲೇ ಗೊತ್ತಾದದ್ದು ಅನ್ನುತ್ತೇನೆ, ನಿಮ್ಮ ಮನೆಯಲ್ಲೂ ಪೋಲಿಯೋ ಎಂದು ಯಾರನ್ನಾದರೂ ಮುಚ್ಚಿಟ್ಟಿದ್ದರೆ ಹೋಗಿ ಮಾಡಿಸಿ ಅನ್ನುತ್ತೇನೆ. ಕೆಲವರು ಬೇಗ ಬೇಗ ಬಳೆ ಕಟ್ಟಿಸಿಕೊಂಡು ಹೋಗುತ್ತಾರೆ.

ಶೈಲಾಳ ಫೋನ್ ಬಂದಾಗ ನಾನು ಅಂಗಡಿಯಲ್ಲಿದ್ದೆ. ಕೊಟ್ರ ಸ್ಟೂಲಿನ ಮೇಲೆ ಕೂತು ಬಿಂದಿ ಹಾಳೆಗಳನ್ನು ಜೋಡಿಸುತ್ತಿದ್ದ.

"ಅಕ್ಕಾ" ಅಂದಳು. ಅಳುತ್ತಿದ್ದಳು. "ನನ್ನಾಗ ಇಲ್ಲಂತ. ಕೂಸಿಗೆ ಏನೂ ಟೆಸ್ಟ್ ಬ್ಯಾಡಂತ."

ದೇವರೇ ಅಂದೆ. ಎದೆ ಹಗುರಾಯಿತು, ನಿಜವಾಗಿಯೂ ಆಯಿತು. ಅದೇ ಉಸಿರಿನಲ್ಲಿ ಇನ್ನೊಂದು ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರು, ನನಗೇ ಯಾಕೆ? ತಂಗಿಯ ಮೇಲೆ ಹೊಟ್ಟೆ ಉರಿಯಿತು. ಅವಳ ಒಳಿತಿಗೆಂದು ಬಸ್ಸು ಹತ್ತಿ ಹೋಗಿ ಜಗಳ ಮಾಡಿದವಳೂ ನಾನೇ, ಒಳ್ಳೆಯದಾದಾಗ ಉರಿದವಳೂ ನಾನೇ.

"ಅಕ್ಕಾ, ಸಿಟ್ಟಾಗೀಯೇನು?"

"ಹೂಂ. ಸಿಟ್ಟೈತಿ. ಇರ್ಲಿ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು" ಅಂದು ಫೋನ್ ಇಟ್ಟೆ.

ಕೊಟ್ರ ತಲೆ ಎತ್ತಿದ. "ಚಿಗವ್ವ ಏನಂದ್ಲಮ್ಮ?"

ಅವನಿಗೆ ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದೆ. "ಅಕಿ ಕೂಸು ಚೆಂದಾಗಿ ನಡಿತೈತಂತ" ಅಂದೆ.

"ಅದಿನ್ನಾ ಹುಟ್ಟೇ ಇಲ್ಲ, ಹೆಂಗ ನಡಿತೈತಿ?" ನಗು ಬಂತು ಅವನಿಗೆ. "ನಾನು ನಡಿತೀನಿ ನೋಡು."

ಸ್ಟೂಲು ಹಿಡಿದು ಇಳಿದ. ಬಳೆಯ ಕಪಾಟು ಹಿಡಿದು ನೆಟ್ಟಗಾದ. ಆಮೇಲೆ ಕೈ ಬಿಟ್ಟು, ಅತ್ತ ಇತ್ತ ವಾಲುತ್ತ, ಅಂಗಡಿಯ ಆ ತುದಿಯಿಂದ ನಾನಿದ್ದಲ್ಲಿಗೆ ನಡೆದು ಬಂದ. ಎತ್ತಿಕೊಳ್ಳಲು ಕೈ ಚಾಚಿದೆ. ಬೇಡ ಎಂದು ನನ್ನ ಕೈ ಸರಿಸಿದ.